ಮೊದಲ ನಿಮಿಷದ ವೈದ್ಯೆ

ಬೆಂಗಳೂರಿನ ದಕ್ಷಿಣ ಭಾಗದಲ್ಲಿ, ಜಯನಗರದಿಂದ ಬನಶಂಕರಿಯವರೆಗೆ, ಅಲ್ಲಿಂದ ಜೆ. ಪಿ. ನಗರದವರೆಗೆ ಹಬ್ಬಿರುವ ಹೆರಿಗೆಯ ಆಸ್ಪತ್ರೆಗಳಲ್ಲಿ ಯಾವುದನ್ನಾದರೂ ಹೊಕ್ಕು, ಅಲ್ಲಿ ಹುಟ್ಟಿದ ಕೂಸಿನ ಕಾಗದಪತ್ರವನ್ನು ತೆರೆದು ನೋಡಿದರೆ, ಹುಟ್ಟಿದ ಗಳಿಗೆ, ತೂಕ, ತಾಯಿಯ ರಕ್ತದ ಗುಂಪು ಮೊದಲಾದವುಗಳ ನಡುವೆ ಆಪ್ಗಾರ್ ಎಂಬ ಒಂದು ಪದವೂ ಅದರ ಮುಂದೆ ಎರಡು ಅಂಕಿಗಳೂ ಕಾಣುತ್ತವೆ. ಇಂಗ್ಲಿಷಿನ ಕೆಲವು ಪದಗಳ ಮೊದಲಕ್ಷರಗಳನ್ನು ಕೂಡಿಸಿ ಮಾಡಿದ ಸಂಕ್ಷೇಪವಿದೆಂದು ಬಹುಮಂದಿ ತಿಳಿದಿದ್ದಾರೆ; ವೈದ್ಯಶಾಸ್ತ್ರವನ್ನು ಓದುವವರಲ್ಲಿಯೂ ಹಾಗೆ ತಿಳಿದವರುಂಟು. ಅದು ಒಬ್ಬ ಮಹಿಳೆಯ ಹೆಸರು. ಆಕೆ ಮದುವೆಯಾದವರಲ್ಲ, ಮಕ್ಕಳನ್ನು ಹೆತ್ತವರಲ್ಲ. ವೃತ್ತಿಯಿಂದ ಹೆರಿಗೆ ಮಾಡಿಸುವ ವೈದ್ಯೆಯೂ ಅಲ್ಲ, ಮಕ್ಕಳ ವೈದ್ಯೆಯೂ ಅಲ್ಲ. ಆದರೂ ಜಗತ್ತಿನಲ್ಲಿ ಇಂದು ಆಸ್ಪತ್ರೆಯಲ್ಲಿ ಹುಟ್ಟುವ ಕೂಸುಗಳು ತಂದೆತಾಯಿ ಇಡುವ ಹೆಸರನ್ನು ಪಡೆಯುವುದಕ್ಕೆ ಎಷ್ಟೋ ದಿನ ಮೊದಲೇ ಈಕೆಯ ಹೆಸರಿನ ಕೆಳಗೆ ಬರುತ್ತವೆ. ಕನ್ನಡದ ಪಾಠ ಹೇಳುವವನಿಗೆ ಈ ಚರಿತ್ರೆಯಲ್ಲಿ ಏನು ಕೆಲಸವೆಂದು ವಾಚಕರು ಕೇಳಿಯಾರು. ಕಾರಣ ಮುಂದೆ ತಾನಾಗಿಯೇ ಬರುತ್ತದೆ.

ವರ್ಜೀನಿಯಾ ಆಪ್ಗಾರ್ ಹುಟ್ಟಿದ್ದು 1909ನೆಯ ಇಸವಿ ಜೂನ್ 7ರಂದು, ಅಮೆರಿಕದ ನ್ಯೂಜೆರ್ಸಿ ಪ್ರಾಂತದ ವೆಸ್ಟ್‌ಫೀಲ್ಡ್ ಎಂಬ ಊರಿನಲ್ಲಿ. ಆ ಮನೆಯಲ್ಲಿ ಸಂಗೀತಕ್ಕೂ ಬರವಿರಲಿಲ್ಲ, ಕಾಯಿಲೆಗೂ ಬರವಿರಲಿಲ್ಲ. ಒಬ್ಬ ಅಣ್ಣ ಎಳೆಯ ವಯಸ್ಸಿನಲ್ಲೇ ಕ್ಷಯಕ್ಕೆ ತುತ್ತಾದ. ಇನ್ನೊಬ್ಬ ಅಣ್ಣನಿಗೆ ವಾಸಿಯಾಗದ ಚರ್ಮವ್ಯಾಧಿ. ತಂದೆ ಚಾರ್ಲ್ಸ್ ಆಪ್ಗಾರ್ ಬಿಡುವಿನ ವೇಳೆಯಲ್ಲಿ ನಕ್ಷತ್ರ ನೋಡುವವರು, ರೇಡಿಯೋ ಯಂತ್ರಗಳನ್ನು ಕಟ್ಟುವವರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1915ರಲ್ಲಿ, ಲಾಂಗ್ ಐಲೆಂಡಿನ ಸೇವಿಲ್ ನಿಲ್ದಾಣದಿಂದ ಜರ್ಮನಿಗೆ ಹೋಗುತ್ತಿದ್ದ ಸಂದೇಶಗಳನ್ನು ಅವರು ಮನೆಯಲ್ಲಿಯೇ ಕುಳಿತು ಮೇಣದ ಉರುಳೆಗಳ ಮೇಲೆ ಹಿಡಿದಿಟ್ಟು ಸರ್ಕಾರಕ್ಕೆ ಒಪ್ಪಿಸಿದರು. ಕಿವಿಗೆ ಬಿದ್ದೂ ಬೀಳದ ಸದ್ದನ್ನು ತಾಳ್ಮೆಯಿಂದ ಕೇಳುವುದು, ಕೇಳಿದ್ದನ್ನು ಗುರುತು ಹಾಕಿ ಇಡುವುದು ಆ ಮನೆಯ ಕಸುಬಾಗಿತ್ತೆಂದರೆ ಸಲ್ಲುತ್ತದೆ.

ಮೌಂಟ್ ಹೋಲಿಯೋಕ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರವನ್ನು ಓದುವಾಗ ಖರ್ಚಿಗೆ ಹಣ ಸಾಲದೆ, ಪ್ರಯೋಗಶಾಲೆಗೆ ಬೇಕಾದ ಬೀದಿಬೆಕ್ಕುಗಳನ್ನು ಹಿಡಿದುಕೊಡುವ ಕೆಲಸವನ್ನೂ ಆಕೆ ಮಾಡಿದರು. 1929ರಲ್ಲಿ ಪದವಿ ಮುಗಿಸಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದ ವೈದ್ಯಕೀಯ ಕಾಲೇಜನ್ನು ಸೇರಿದರು. ತೊಂಬತ್ತು ಮಂದಿಯ ತರಗತಿಯಲ್ಲಿ ಹೆಂಗಸರು ಒಂಬತ್ತು ಮಂದಿ. ಸೇರಿದ ಕೆಲವೇ ವಾರಗಳಲ್ಲಿ ಅಮೆರಿಕದ ಷೇರುಪೇಟೆ ಕುಸಿಯಿತು. 1933ರಲ್ಲಿ ನಾಲ್ಕನೆಯ ಸ್ಥಾನದೊಡನೆ ಹೊರಬಂದಾಗ ಕೈಯಲ್ಲಿ ವೈದ್ಯ ಪದವಿ, ತಲೆಯ ಮೇಲೆ ಸುಮಾರು ನಾಲ್ಕು ಸಾವಿರ ಡಾಲರುಗಳ ಸಾಲ.

ಆಕೆಯ ಆಸೆಯಿದ್ದದ್ದು ಶಸ್ತ್ರಚಿಕಿತ್ಸೆಯಲ್ಲಿ. ಕೈಚಳಕಕ್ಕೆ ಕೊರತೆಯಿರಲಿಲ್ಲ. ಆದರೆ ವಿಭಾಗದ ಮುಖ್ಯಸ್ಥ ಆಲನ್ ವಿಪಲ್ ಆಕೆಯನ್ನು ಆ ದಾರಿಯಿಂದ ತಿರುಗಿಸಿದ. ತಾನು ತರಬೇತು ಮಾಡಿದ ಬೇರೆ ಹೆಂಗಸರಿಗೆ ಶಸ್ತ್ರವೈದ್ಯರಾಗಿ ಜೀವನ ಸಾಗಿಸುವುದು ಆಗಲಿಲ್ಲವೆಂಬುದು ಆತನ ಒಂದು ಮಾತು. ಅರಿವಳಿಕೆಯ ಶಾಸ್ತ್ರ ಬೆಳೆಯದಿದ್ದರೆ ಶಸ್ತ್ರಚಿಕಿತ್ಸೆಯೂ ಬೆಳೆಯಲಾರದು, ಅದಕ್ಕೆ ಇಂಥವರು ಬೇಕು ಎಂಬುದು ಇನ್ನೊಂದು ಮಾತು. ಎರಡನೆಯ ಮಾತಿನಲ್ಲಿ ಸತ್ಯವಿತ್ತು, ಮೊದಲನೆಯದರಲ್ಲಿ ಆ ಕಾಲವಿತ್ತು. ಆಗ ಅರಿವಳಿಕೆ ಕೊಡುವುದು ವೈದ್ಯರ ಘನತೆಗೆ ತಕ್ಕ ಕೆಲಸವೆಂದು ಯಾರೂ ಎಣಿಸುತ್ತಿರಲಿಲ್ಲ. ಹೆಚ್ಚಾಗಿ ದಾದಿಯರೇ ಅದನ್ನು ಮಾಡುತ್ತಿದ್ದರು. ನಮ್ಮ ಹಿರಿಯರು ಕ್ಲೋರೋಫಾರಂ ಕೊಡುವ ಡಾಕ್ಟರೆಂದು ಹೇಳುತ್ತಿದ್ದ ದನಿಯನ್ನು ನೆನೆದರೆ ಆ ಸ್ಥಾನದ ಬೆಲೆ ಗೊತ್ತಾಗುತ್ತದೆ. ಆಪ್ಗಾರ್ ಆ ಕೆಲಸವನ್ನು ವಿಸ್ಕಾನ್‌ಸಿನ್ನಿನಲ್ಲಿ ರಾಲ್ಫ್ ವಾಟರ್ಸನ ಬಳಿ ಕಲಿತು, 1938ರಲ್ಲಿ ತಮ್ಮ ಆಸ್ಪತ್ರೆಗೆ ಮರಳಿ, ಅರಿವಳಿಕೆಗೆ ಒಂದು ಪ್ರತ್ಯೇಕ ಶಾಖೆಯನ್ನು ಕಟ್ಟಿದರು. ಹನ್ನೊಂದು ವರ್ಷ ಅದನ್ನು ಎತ್ತಿ ನಿಲ್ಲಿಸಿದರು. 1949ರಲ್ಲಿ ಶಾಖೆ ಪೂರ್ಣ ವಿಭಾಗವಾದಾಗ ಅದರ ಮುಖ್ಯಸ್ಥನ ಪೀಠ ಎಮಾನ್ಯುಯೆಲ್ ಪ್ಯಾಪರ್ ಎಂಬ ಬೇರೊಬ್ಬನಿಗೆ ಹೋಯಿತು. ಆಕೆಗೆ ಸಿಕ್ಕಿದ್ದು ಪ್ರಾಧ್ಯಾಪಕ ಪದವಿ. ಆ ಕಾಲೇಜಿನಲ್ಲಿ ಆ ಪದವಿಗೇರಿದ ಮೊದಲನೆಯ ಮಹಿಳೆಯೆಂಬ ಗೌರವ ಅದರೊಡನೆ ಬಂದಿತು. ಕಟ್ಟಿದವರು ಒಬ್ಬರು, ಕುಳಿತವರು ಇನ್ನೊಬ್ಬರು. ಕಾಲೇಜುಗಳಲ್ಲಿ ಕಾಲ ಕಳೆದಿರುವ ನನ್ನಂಥವರಿಗೆ ಇದೇನೂ ಹೊಸ ಕಥೆಯಲ್ಲ. ಆದರೆ ಆಡಳಿತದ ಹೊರೆ ಇಳಿದುದರಿಂದ ಆಕೆ ಯಾರೂ ತಿರುಗಿ ನೋಡದಿದ್ದ ಒಂದು ಮೂಲೆಗೆ ಹೋಗಿ ನಿಂತರು. ಅದು ಹೆರಿಗೆಯ ಕೋಣೆ.

ಆ ಕೋಣೆಯಲ್ಲಿ ಆಗ ನಡೆಯುತ್ತಿದ್ದುದೇನೆಂಬುದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಕೂಸು ಹೊರಬಂದ ಕೂಡಲೆ ಎಲ್ಲರ ಕಣ್ಣೂ ತಾಯಿಯ ಮೇಲೆ. ರಕ್ತ ನಿಲ್ಲಬೇಕು, ಮಾಸು ಬೀಳಬೇಕು, ಹೊಲಿಗೆ ಹಾಕಬೇಕು. ಕೂಸು ಅತ್ತರೆ ಒಳ್ಳೆಯದು. ಅಳದಿದ್ದರೆ ಕಾಲು ಹಿಡಿದು ತಲೆಕೆಳಗೆ ಮಾಡಿ ಬೆನ್ನಿಗೆ ತಟ್ಟುವರು, ತಣ್ಣೀರು ಚಿಮುಕಿಸುವರು. ಅಷ್ಟಕ್ಕೂ ಉಸಿರು ಬಾರದಿದ್ದರೆ ಬದುಕುವ ಯೋಗವಿಲ್ಲವೆಂದು ಒಂದು ಕಡೆ ಇಡುವರು. ಅಮೆರಿಕದಲ್ಲಿ ಆ ಹೊತ್ತಿಗೆ ಶಿಶುಮರಣ ಒಟ್ಟಿನಲ್ಲಿ ಇಳಿಯುತ್ತ ಬಂದಿತ್ತು. ಹುಟ್ಟಿದ ಮೊದಲ ಇಪ್ಪತ್ತನಾಲ್ಕು ಗಂಟೆಗಳ ಸಾವುಗಳು ಮಾತ್ರ ಜಗ್ಗದೆ ನಿಂತಿದ್ದವು. ನಮ್ಮಲ್ಲಿ ನುರಿತ ಸೂಲಗಿತ್ತಿಯರು ಕೂಸಿನ ಕಡೆಗೆ ಒಂದು ಕಣ್ಣಿಟ್ಟಿರುತ್ತಿದ್ದರು. ಹದಿನೈದು ಸಾವಿರಕ್ಕೂ ಮೇಲ್ಪಟ್ಟು ಹೆರಿಗೆ ಮಾಡಿಸಿ, 2018ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷ ತೀರಿಕೊಂಡ ಪಾವಗಡದ ಸೂಲಗಿತ್ತಿ ನರಸಮ್ಮನವರಂಥವರ ಕಣ್ಣು ಅದು. ಆದರೆ ಅಂಥ ಕಣ್ಣು ಕಂಡದ್ದನ್ನು ಮತ್ತೊಬ್ಬರಿಗೆ ದಾಟಿಸುವುದು ಹೇಗೆ? ಹತ್ತು ವರ್ಷದ ಅನುಭವವಿಲ್ಲದ ಎಳೆಯ ದಾದಿಯ ಕೈಗೆ ಅದನ್ನು ಕೊಡುವುದು ಹೇಗೆ?

1949ರ ಒಂದು ಬೆಳಗ್ಗೆ ಆಸ್ಪತ್ರೆಯ ಊಟದ ಮನೆಯಲ್ಲಿ ಉಪಾಹಾರದ ವೇಳೆ ವಿದ್ಯಾರ್ಥಿಯೊಬ್ಬ, ಈಗತಾನೆ ಹುಟ್ಟಿದ ಕೂಸಿನ ಸ್ಥಿತಿಯನ್ನು ಅಳೆಯುವುದು ಹೇಗೆಂದು ಆಪ್ಗಾರ್ ಅವರನ್ನು ಕೇಳಿದ. ಅದು ಸುಲಭವೆಂದು ಹೇಳುತ್ತ ಆಕೆ ಕೈಗೆ ಸಿಕ್ಕ ಒಂದು ಚೀಟಿಯ ಮೇಲೆ ಐದು ಅಂಶಗಳನ್ನು ಗೀಚಿದರು. ಊಟ ಮಾಡಿದ ತಟ್ಟೆಯನ್ನು ತಾವೇ ಎತ್ತಿಡಿ ಎಂದು ಸೂಚಿಸುವ ಚೀಟಿ ಅದು. ಬರೆದವರೇ ಎದ್ದು ಹೆರಿಗೆಯ ಕೋಣೆಗೆ ಓಡಿದರು, ಬರೆದದ್ದು ನಿಲ್ಲುತ್ತದೆಯೋ ಇಲ್ಲವೋ ನೋಡಲು. ಐದು ಅಂಶಗಳು ಇವು: ಹೃದಯದ ಬಡಿತ, ಉಸಿರಾಟ, ಕೈಕಾಲುಗಳ ಬಿಗುಪು, ಮುಟ್ಟಿದರೆ ಕೆಣಕಿದರೆ ತೋರುವ ಪ್ರತಿಕ್ರಿಯೆ, ಮೈಬಣ್ಣ. ಒಂದೊಂದಕ್ಕೂ ಸೊನ್ನೆ, ಒಂದು ಅಥವಾ ಎರಡು. ಒಟ್ಟು ಹತ್ತು. ಕೂಸು ಪೂರ್ತಿ ಹೊರಬಂದ ಅರವತ್ತನೆಯ ಸೆಕೆಂಡಿಗೆ ಎಣಿಸಬೇಕು. 1952ರಲ್ಲಿ ಇದನ್ನು ವೈದ್ಯರ ಸಭೆಯಲ್ಲಿ ಓದಿದರು; 1953ರಲ್ಲಿ ಅದು ಅಚ್ಚಾಯಿತು. ಐದನೆಯ ನಿಮಿಷದ ಎರಡನೆಯ ಎಣಿಕೆ ಆಮೇಲೆ ಸೇರಿಕೊಂಡಿತು.

ಇದರಲ್ಲಿ ಹೊಸ ಯಂತ್ರವಿಲ್ಲ, ಹೊಸ ಔಷಧವಿಲ್ಲ. ಕಣ್ಣು, ಕಿವಿ, ಬೆರಳು, ಒಂದು ಗಡಿಯಾರ ಸಾಕು. ಆದರೆ ಅಂಕ ಹಾಕಬೇಕಾದವರು ಕೂಸನ್ನು ನೋಡಲೇಬೇಕಾಯಿತು. ಮೂರು ಅಂಕದ ಕೂಸೆಂದು ಕಾಗದದ ಮೇಲೆ ಬರೆದ ಮೇಲೆ ಅದನ್ನು ಒಂದು ಕಡೆ ಇಟ್ಟು ಸುಮ್ಮನಿರಲು ಯಾರ ಕೈಗೂ ಆಗದು. ಐದನೆಯ ನಿಮಿಷಕ್ಕೆ ಅದು ಆರಕ್ಕೋ ಏಳಕ್ಕೋ ಏರಿತೆ ಎಂಬ ಪ್ರಶ್ನೆ ಎದುರಿಗೆ ನಿಲ್ಲುತ್ತದೆ. ಆಪ್ಗಾರ್ ಇನ್ನೊಂದು ನಿಯಮವನ್ನೂ ಹೇಳಿದರು. ಹೆರಿಗೆ ಮಾಡಿಸಿದವರು ಅಂಕ ಹಾಕಕೂಡದು, ಪಕ್ಕದಲ್ಲಿ ನಿಂತ ಬೇರೆಯವರು ಹಾಕಬೇಕು. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ನಮ್ಮ ಗಾದೆ ಹೆರಿಸಿದವರಿಗೂ ಅನ್ವಯಿಸುತ್ತದೆಂದು ಆಕೆ ಬಲ್ಲವರಾಗಿದ್ದರು. ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆ ವರ್ಷವರ್ಷವೂ ಹೋಗಿಬರುವ ನಾನು ಈ ನಿಯಮಕ್ಕೆ ತಲೆಬಾಗುತ್ತೇನೆ.

ಆ ಅಂಕಗಳಿಗೆ ಆಕೆ ತಾವೇ ಮೊದಲು ಬೆಲೆ ತೆತ್ತರು. ಡಂಕನ್ ಹಾಲಡೆ, ಸ್ಟಾನ್ಲಿ ಜೇಮ್ಸ್ ಎಂಬಿಬ್ಬರು ಸಂಗಡಿಗರೊಡನೆ ಕೂಸುಗಳ ರಕ್ತವನ್ನು ಪರೀಕ್ಷಿಸುತ್ತ ಹೋದಾಗ, ಹುಟ್ಟುವಾಗ ಪ್ರಾಣವಾಯು ಕಡಮೆಯಿರುವುದು ಕೂಸಿಗೆ ಸಹಜ, ಅದು ತಡೆದುಕೊಳ್ಳುತ್ತದೆ ಎಂಬ ಹಳೆಯ ನಂಬಿಕೆ ಬಿದ್ದುಹೋಯಿತು. ಅಂಕ ಕಡಮೆಯಾದ ಕೂಸುಗಳ ರಕ್ತ ಹುಳಿಯೇರಿತ್ತು. ಅವಕ್ಕೆ ಕೂಡಲೆ ಉಸಿರು ಕೊಡಬೇಕಾಗಿತ್ತು. ಇನ್ನೊಂದು ಸಂಗತಿಯೂ ಹೊರಬಿತ್ತು. ಸೈಕ್ಲೋಪ್ರೊಪೇನ್ ಎಂಬ ಅನಿಲವನ್ನು ಸೇವಿಸಿದ ತಾಯಂದಿರ ಕೂಸುಗಳು ಮಂಕಾಗಿ ಹುಟ್ಟುತ್ತಿದ್ದವು. ಆಪ್ಗಾರ್ ಅವರಿಗೆ ಎಲ್ಲ ಅರಿವಳಿಕೆಗಳಲ್ಲಿ ಪ್ರಿಯವಾಗಿದ್ದದ್ದು ಅದೇ ಅನಿಲ. ಲೆಕ್ಕ ಎದುರಿಗೆ ಬಂದ ಕೂಡಲೆ ಹೆರಿಗೆಯಲ್ಲಿ ಅದನ್ನು ಬಿಟ್ಟುಕೊಟ್ಟರು. 1958ರಲ್ಲಿ ಅವರ ತಂಡ 15,348 ಕೂಸುಗಳ ಲೆಕ್ಕವನ್ನು ಪ್ರಕಟಿಸಿತು. ಚೀಟಿಯ ಮೇಲೆ ಗೀಚಿದ್ದು ಅಲ್ಲಿಗೆ ಶಾಸ್ತ್ರವಾಯಿತು. ಹೆಸರಿನ ಐದು ಇಂಗ್ಲಿಷ್ ಅಕ್ಷರಗಳಿಗೆ ಮೈಬಣ್ಣ, ನಾಡಿ, ಮುಖದ ಕಿವುಚು, ಚಟುವಟಿಕೆ, ಉಸಿರು ಎಂಬ ಅರ್ಥ ಬರುವ ಐದು ಪದಗಳನ್ನು ಜೋಡಿಸಿದ್ದು ಬಟರ್‌ಫೀಲ್ಡ್ ಎಂಬ ಮಕ್ಕಳ ವೈದ್ಯ, 1960ರ ದಶಕದ ಮೊದಲಲ್ಲಿ. ಹೆಸರು ಸಂಕ್ಷೇಪವೆಂಬ ಭ್ರಮೆಗೆ ಇದೇ ಮೂಲ. ಆಪ್ಗಾರ್ ಅವರಿಗೆ ಅದರಿಂದ ಸಂತೋಷವೇ ಆಯಿತಂತೆ.

ಇನ್ನು ನನ್ನ ಮನೆಯ ವಿಷಯ. ಕೆಲವು ವರ್ಷಗಳ ಹಿಂದೆ ನನ್ನ ಅಕ್ಕನ ಮಗಳಿಗೆ ಜಯನಗರದ ಒಂದು ನರ್ಸಿಂಗ್ ಹೋಮಿನಲ್ಲಿ ಹೆರಿಗೆಯಾಯಿತು. ಸಿಸೇರಿಯನ್ ಆಗಬೇಕೆಂಬುದು ಮೊದಲೇ ಗೊತ್ತಿದ್ದುದರಿಂದ ಬೀಗರ ಮನೆಯ ಹಿರಿಯರು ಪಂಚಾಂಗ ತೆಗೆಸಿ, ನಕ್ಷತ್ರವನ್ನೂ ಲಗ್ನವನ್ನೂ ಆರಿಸಿ, ಮೂವತ್ತೇಳನೆಯ ವಾರ ಕಳೆದ ಮೂರನೆಯ ದಿನವನ್ನು ಗೊತ್ತುಮಾಡಿದ್ದರು. ನೋವು ಇನ್ನೂ ಕಾಣಿಸಿಕೊಂಡಿರಲಿಲ್ಲ. ಗಂಡು ಕೂಸು, ಹುಟ್ಟಿದೊಡನೆ ಅತ್ತಿತು, ಅಂಕ ಎಂಟು, ಆಮೇಲೆ ಒಂಬತ್ತು. ಸಕ್ಕರೆ ಹಂಚಿದೆವು. ಎರಡು ಗಂಟೆ ಕಳೆಯುವಷ್ಟರಲ್ಲಿ ಕೂಸಿನ ಮೂಗಿನ ಹೊಳ್ಳೆಗಳು ಅರಳತೊಡಗಿದವು, ಪಕ್ಕೆಲುಬುಗಳ ನಡುವೆ ಚರ್ಮ ಒಳಕ್ಕೆ ಸೆಳೆಯಿತು, ಉಸಿರಿನೊಡನೆ ಸಣ್ಣ ನರಳಿಕೆ ಕೇಳಿಬಂತು. ಕೇರಳದ ಕಡೆಯ ಒಬ್ಬ ಎಳೆಯ ಸಿಸ್ಟರ್ ಕೈಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಿದಳು. ಎಪ್ಪತ್ತೆಂಟು. ನವಜಾತ ಶಿಶು ನಿಮಿಷಕ್ಕೆ ನಲವತ್ತರಿಂದ ಅರವತ್ತು ಸಲ ಉಸಿರಾಡುವುದು ಸಹಜ. ಕೂಸನ್ನು ಎತ್ತಿಕೊಂಡು ಗಾಜಿನ ಬಾಗಿಲಿನ ಆಚೆ ಹೋದರು. ಬೀಗರ ಕಡೆಯ ಅಜ್ಜಿ ದೃಷ್ಟಿಯಾಗಿದೆಯೆಂದು ಉಪ್ಪು ಮೆಣಸಿನಕಾಯಿಗೆ ಯಾರನ್ನೋ ಅಟ್ಟಿದರು. ಅಕ್ಕ ಮಾತಾಡಲಿಲ್ಲ. ಹೊಲಿಗೆಯ ನೋವಿನಲ್ಲಿ ಮಲಗಿದ್ದ ಹುಡುಗಿ ಬಾಗಿಲ ಕಡೆಗೆ ಮುಖ ಮಾಡಿಕೊಂಡೇ ಇದ್ದಳು.

ಅಲ್ಲಿಯ ಮಕ್ಕಳ ವೈದ್ಯರು ಅಂದು ವಿವರಿಸಿದ್ದನ್ನೂ ಆಮೇಲೆ ಓದಿ ತಿಳಿದದ್ದನ್ನೂ ಸೇರಿಸಿ ಹೇಳುತ್ತೇನೆ. ಗರ್ಭದಲ್ಲಿರುವಾಗ ಕೂಸಿನ ಶ್ವಾಸಕೋಶದಲ್ಲಿ ಗಾಳಿಯಿರುವುದಿಲ್ಲ, ನೀರಿರುತ್ತದೆ. ಆ ನೀರನ್ನು ಶ್ವಾಸಕೋಶವೇ ಒಸರಿಸುತ್ತದೆ. ಹೆರಿಗೆಯ ನೋವು ಮೊದಲಾದಾಗ ಕೂಸಿನ ಮೈಯಲ್ಲಿ ಅಡ್ರಿನಲಿನ್ ಮೊದಲಾದ ರಸಗಳು ಏರುತ್ತವೆ. ಅವುಗಳ ಅಪ್ಪಣೆಯಂತೆ, ಒಸರಿಸುತ್ತಿದ್ದ ಜೀವಕೋಶಗಳೇ ಉಪ್ಪಿನಂಶವನ್ನು ಒಳಕ್ಕೆ ಸೆಳೆಯತೊಡಗುತ್ತವೆ, ಉಪ್ಪಿನ ಹಿಂದೆ ನೀರೂ ಹೋಗುತ್ತದೆ. ಹುಟ್ಟಿ ಅತ್ತಾಗ ಒಳನುಗ್ಗುವ ಗಾಳಿ ಉಳಿದದ್ದನ್ನು ದೂಡುತ್ತದೆ. ನೋವೇ ಬಾರದೆ, ಕಾಲಕ್ಕೆ ಮೊದಲು, ಶಸ್ತ್ರದಿಂದ ಹೊರತೆಗೆದ ಕೂಸಿನಲ್ಲಿ ಈ ಅಪ್ಪಣೆ ತಡವಾಗುತ್ತದೆ. ನೀರು ಅಷ್ಟು ಹೊತ್ತು ನಿಲ್ಲುತ್ತದೆ. ಕೂಸು ಏದುಸಿರು ಬಿಡುತ್ತದೆ. ಆಮ್ಲಜನಕ, ಬೆಚ್ಚನೆಯ ಹಾಸಿಗೆ, ಹಾಲು ಉಸಿರಿನ ದಾರಿ ಹಿಡಿಯದಂತೆ ನಳಿಕೆಯ ಮೂಲಕ ಆಹಾರ ಅಥವಾ ರಕ್ತನಾಳಕ್ಕೆ ದ್ರವ, ಇವಿಷ್ಟೇ ಉಪಚಾರ. ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಸಕಾರಣವಿಲ್ಲದೆ ಮೂವತ್ತೊಂಬತ್ತನೆಯ ವಾರಕ್ಕೆ ಮೊದಲು ಗೊತ್ತುಪಡಿಸಿದ ಸಿಸೇರಿಯನ್ ಬೇಡವೆಂದು ವೈದ್ಯರು ಇಂದು ಹೇಳುವುದು ಇದರಿಂದಲೇ. ಲಗ್ನ ಗಟ್ಟಿಯಾಗಿದ್ದರೆ ಸಾಲದು, ಶ್ವಾಸಕೋಶವೂ ಸಿದ್ಧವಾಗಿರಬೇಕು. ಪಂಚಾಂಗದವರಿಗೆ ಈ ಮಾತನ್ನು ಹೇಳುವವರು ಯಾರು?

ಈ ತಾತ್ಕಾಲಿಕ ಏದುಸಿರನ್ನು ಬೇರೊಂದು ವ್ಯಾಧಿಯಾಗಿ ಮೊದಲು ಗುರುತಿಸಿದವರೂ ಒಬ್ಬ ಮಹಿಳೆ, ಮೇರಿ ಎಲೆನ್ ಏವರಿ. ತಾವೇ ಕ್ಷಯದಿಂದ ಮಲಗಿ ಎದ್ದು, ಅದರಿಂದಲೇ ಶ್ವಾಸಕೋಶದ ಶಾಸ್ತ್ರಕ್ಕೆ ಒಲಿದವರು. ದಿನ ತುಂಬದ ಕೂಸುಗಳನ್ನು ಕೊಲ್ಲುವ ಉಸಿರಿನ ರೋಗಕ್ಕೆ ಶ್ವಾಸಕೋಶದ ಒಳಗೋಡೆಯ ಒಂದು ಲೇಪದ ಕೊರತೆಯೇ ಕಾರಣವೆಂದು 1959ರಲ್ಲಿ ಜೆರೆ ಮೀಡ್ ಎಂಬಾತನೊಡನೆ ತೋರಿಸಿದವರು. ಅಧ್ಯಕ್ಷ ಕೆನೆಡಿಯ ಮಗ ಪ್ಯಾಟ್ರಿಕ್ 1963ರ ಆಗಸ್ಟಿನಲ್ಲಿ ಎರಡೇ ದಿನ ಬದುಕಿ ಸತ್ತದ್ದು ಆ ಘೋರ ರೋಗದಿಂದ. 1966ರಲ್ಲಿ ಏವರಿ ಮತ್ತು ಸಂಗಡಿಗರು ಎಂಟು ಕೂಸುಗಳನ್ನು ವರ್ಣಿಸಿ, ಹೊರನೋಟಕ್ಕೆ ಅದರಂತೆಯೇ ಕಂಡರೂ ತಾನಾಗಿ ಹೋಗುವ ಈ ಸೌಮ್ಯ ರೂಪ ಬೇರೆಯೆಂದು ತೋರಿಸಿದರು. ಕಷ್ಟವಿರುವುದು ಇಲ್ಲಿಯೇ. ಮೊದಲ ಗಂಟೆಗಳಲ್ಲಿ ಸೌಮ್ಯವೂ ಘೋರವೂ ಒಂದೇ ಮುಖ ಹೊತ್ತು ಬರುತ್ತವೆ. ನ್ಯುಮೋನಿಯಾ, ರಕ್ತದ ಸೋಂಕು ಇವುಗಳಿಗೂ ಅದೇ ಏದುಸಿರು. ಕಾದು, ಎಣಿಸಿ, ಎಕ್ಸ್‌ರೇ ನೋಡಿ, ಮತ್ತೆ ಎಣಿಸಿಯೇ ಬೇರ್ಪಡಿಸಬೇಕು. ಆಪ್ಗಾರ್ ಅಂಕ ಇದನ್ನು ಮುಂದಾಗಿ ಹೇಳದು. ಒಂಬತ್ತು ಬಂದ ಕೂಸೂ ಎರಡು ಗಂಟೆಯ ಮೇಲೆ ಏದುಸಿರು ಬಿಟ್ಟೀತು, ನಮ್ಮ ಮನೆಯದರಂತೆ.

ಎರಡು ರಾತ್ರಿ ಆ ಗಾಜಿನ ಬಾಗಿಲ ಮುಂದೆ ಬೆಂಚಿನ ಮೇಲೆ ನಾನೂ ಕುಳಿತಿದ್ದೆ. ಸಿಸ್ಟರುಗಳು ಗಂಟೆಗೊಮ್ಮೆ ಎಣಿಸಿ ಬರೆದ ಹಾಳೆಯನ್ನು ಕೇಳಿ ನೋಡುತ್ತಿದ್ದೆ. ಎಪ್ಪತ್ತೆಂಟು, ಎಂಬತ್ತೆರಡು, ಎಪ್ಪತ್ತಾರು. ಆ ಹಾಳೆಯ ತಲೆಯ ಮೇಲೆಯೇ ಆಪ್ಗಾರ್ ಎಂಬ ಪದವನ್ನು ನಾನು ಮೊದಲು ಓದಿದ್ದು. ಮೂರನೆಯ ಬೆಳಗ್ಗೆ ಐವತ್ತೆರಡಕ್ಕೆ ಇಳಿಯಿತು. ಮಧ್ಯಾಹ್ನ ಕೂಸನ್ನು ತಾಯಿಯ ಮಗ್ಗುಲಿಗೆ ತಂದರು. ಅಕ್ಕ ಆಗ ಅತ್ತಳು.

ನಮ್ಮ ಊರಿನ ತಂದೆತಾಯಂದಿರು ಈ ಅಂಕವನ್ನೂ ಎಸ್‌ಎಸ್‌ಎಲ್‌ಸಿ ಅಂಕದಂತೆ ನೋಡುವುದುಂಟು. ಹತ್ತಕ್ಕೆ ಹತ್ತು ಏಕೆ ಬರಲಿಲ್ಲವೆಂದು ವೈದ್ಯರನ್ನು ಕೇಳಿದವರನ್ನು ನಾನೇ ಬಲ್ಲೆ. ಮೊದಲ ನಿಮಿಷದಲ್ಲಿ ಕೂಸಿನ ಅಂಗೈ ಅಂಗಾಲು ನೀಲಿಯಾಗಿರುವುದು ಸಹಜವಾದ್ದರಿಂದ ಹತ್ತು ಬರುವುದೇ ಅಪೂರ್ವ. ಬುದ್ಧಿಶಕ್ತಿಗೂ ಅದಕ್ಕೂ ಸಂಬಂಧವಿಲ್ಲ. ಮೈಬಣ್ಣದ ಅಂಶ ಬಿಳಿಯ ತೊಗಲನ್ನು ಮನಸ್ಸಿನಲ್ಲಿಟ್ಟು ಬರೆದದ್ದೆಂಬ ಆಕ್ಷೇಪಣೆಯೂ ಇತ್ತೀಚೆಗೆ ಎದ್ದಿದೆ, ಅದರಲ್ಲಿ ನ್ಯಾಯವಿದೆ. ನಮ್ಮ ಕೂಸುಗಳಲ್ಲಿ ತುಟಿಯನ್ನೂ ನಾಲಗೆಯನ್ನೂ ನೋಡಿ ಹೇಳಬೇಕು. ಉಸಿರಾಡದ ಕೂಸಿಗೆ ಅಂಕ ಹಾಕುವವರೆಗೆ ಕಾಯುವುದನ್ನೂ ಈಗ ಬಿಟ್ಟಿದ್ದಾರೆ. ಭಾರತ ಸರ್ಕಾರ 2009ರಲ್ಲಿ ಆರಂಭಿಸಿದ ನವಜಾತ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಹೆರಿಗೆಯ ಕೋಣೆಯ ದಾದಿಯರಿಗೆ ಕಲಿಸುವುದು ಮೊದಲ ನಿಮಿಷದೊಳಗೇ ಮುಖಕ್ಕೆ ಮಾಸ್ಕ್ ಒತ್ತಿ ಚೀಲದಿಂದ ಗಾಳಿಯೂಡುವುದನ್ನು. ಹೀಗೆ ಅಂಕಕ್ಕಿಂತ ಮುಂದೆ ಹೋಗುವಂತಾದದ್ದಕ್ಕೂ ಆ ಅಂಕವೇ ಮೆಟ್ಟಿಲಾಯಿತು.

1959ರಲ್ಲಿ ಆಪ್ಗಾರ್ ಐವತ್ತನೆಯ ವಯಸ್ಸಿಗೆ ಮತ್ತೆ ವಿದ್ಯಾರ್ಥಿಯಾಗಿ, ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ಸಾರ್ವಜನಿಕ ಆರೋಗ್ಯದ ಪದವಿ ಪಡೆದರು. ತಾವು ಹಾಕಿದ ಅಂಕಗಳಿಗೆ ನಿಜವಾದ ಸಂಖ್ಯಾಶಾಸ್ತ್ರದ ಆಧಾರ ಬೇಕೆಂಬುದು ಉದ್ದೇಶ. ಅಲ್ಲಿಂದ ಮುಂದೆ ಮಾರ್ಚ್ ಆಫ್ ಡೈಮ್ಸ್ ಎಂಬ ಸಂಸ್ಥೆಯಲ್ಲಿ ಹುಟ್ಟುದೋಷಗಳ ವಿಭಾಗದ ಹೊಣೆ. ಹುಟ್ಟಿನಿಂದ ಬಂದ ಊನವನ್ನು ಮನೆಯ ಒಳಕೋಣೆಯಲ್ಲಿ ಬಚ್ಚಿಡುತ್ತಿದ್ದ ಕಾಲ ಅದು, ಅಲ್ಲಿಯೂ. ಆಕೆ ಊರೂರು ಸುತ್ತಿ, ಸಭೆಗಳಲ್ಲಿ ನಿಂತು, ಅದನ್ನು ಬೆಳಕಿಗೆ ತಂದು ಮಾತಾಡಿದರು. ಅಮೆರಿಕದಲ್ಲಿ 1964-65ರಲ್ಲಿ ರುಬೆಲ್ಲಾ ಹಬ್ಬಿ ಸಾವಿರಾರು ಕೂಸುಗಳು ಕುರುಡಾಗಿ ಕಿವುಡಾಗಿ ಹುಟ್ಟಿದ ಮೇಲೆ ಲಸಿಕೆಗಾಗಿ ದನಿಯೆತ್ತಿದವರಲ್ಲಿ ಆಕೆಯೂ ಒಬ್ಬರು. 1972ರಲ್ಲಿ ತಂದೆತಾಯಂದಿರಿಗಾಗಿ ಜೋನ್ ಬೆಕ್ ಎಂಬಾಕೆಯೊಡನೆ ಒಂದು ಪುಸ್ತಕವನ್ನೂ ಬರೆದರು. ಅಂಚೆಚೀಟಿ ಕೂಡಿಸುವುದು, ಮೀನು ಹಿಡಿಯುವುದು, ಐವತ್ತು ದಾಟಿದ ಮೇಲೆ ವಿಮಾನ ಹಾರಿಸಲು ಕಲಿಯುವುದು, ಇವು ಬಿಡುವಿನ ಕೆಲಸ. ಕೈಚೀಲದಲ್ಲಿ ಸದಾ ಒಂದು ಚಾಕುವೂ ಉಸಿರುನಳಿಕೆಯೂ ಇರುತ್ತಿದ್ದವು. ತಮ್ಮೆದುರಿಗೆ ಬೀದಿಯಲ್ಲಿಯೂ ಯಾರ ಉಸಿರೂ ನಿಲ್ಲಕೂಡದೆಂಬ ಹಟ.

ಆದರೆ ಎಲ್ಲಕ್ಕಿಂತ ಮಿಗಿಲಾದದ್ದು ಸಂಗೀತ. ಆಕೆ ವಯೋಲಾ, ಚೆಲ್ಲೋ ನುಡಿಸುವುದಷ್ಟೇ ಅಲ್ಲದೆ, ಕಾರ್ಲೀನ್ ಹಚಿನ್ಸ್ ಎಂಬ ಗೆಳತಿಯ ಬಳಿ ಅವನ್ನು ಮಾಡುವುದನ್ನೂ ಕಲಿತರು. 1957ರಲ್ಲಿ ತಮ್ಮದೇ ಆಸ್ಪತ್ರೆಯ ಟೆಲಿಫೋನ್ ಗೂಡಿನ ಹಲಗೆ ಸುಳಿಸುಳಿಯಾದ ಸೊಗಸಾದ ಮೇಪಲ್ ಮರದ್ದೆಂಬುದು ಹಚಿನ್ಸರ ಕಣ್ಣಿಗೆ ಬಿತ್ತು. ಕೇಳಿದರೆ ಅಧಿಕಾರಿಗಳು ಕೊಡಲಿಲ್ಲ. ಒಂದು ರಾತ್ರಿ ಇಬ್ಬರೂ ಅದೇ ಬಣ್ಣ ಬಳಿದ ಬೇರೊಂದು ಹಲಗೆ ಹಿಡಿದು ಹೋದರು. ಪ್ರಾಧ್ಯಾಪಕರು ಆಸ್ಪತ್ರೆಯ ಉಡುಪಿನಲ್ಲಿ ಹೊರಗೆ ಕಾವಲು ನಿಂತರು. ಗೆಳತಿ ಒಳಗೆ ತಿರುಪು ಬಿಚ್ಚಿದರು. ತಂದ ಹಲಗೆ ಕೂದಲೆಳೆಯಷ್ಟು ಉದ್ದವಾಯಿತು. ಹೆಂಗಸರ ಶೌಚಗೃಹದೊಳಗೆ ಕುಳಿತು ಅದನ್ನು ಗರಗಸದಿಂದ ಕೊಯ್ಯುತ್ತಿದ್ದಾಗ ಸದ್ದು ಕೇಳಿ ಬೆರಗಾದ ದಾದಿಯೊಬ್ಬಳಿಗೆ, ರಿಪೇರಿಯವರಿಗೆ ಈ ಹೊತ್ತಿನಲ್ಲಿ ಮಾತ್ರ ಬಿಡುವೆಂದು ಆಪ್ಗಾರ್ ಸಮಾಧಾನ ಹೇಳಿ ಕಳುಹಿಸಿದರು. ಕದ್ದ ಹಲಗೆ ಒಂದು ವಯೋಲಾದ ಬೆನ್ನಾಯಿತು.

1974ರ ಆಗಸ್ಟ್ 7ರಂದು, ಅದೇ ಆಸ್ಪತ್ರೆಯಲ್ಲಿ, ಅರವತ್ತೈದನೆಯ ವಯಸ್ಸಿನಲ್ಲಿ ಆಕೆ ತೀರಿಕೊಂಡರು. ಇಪ್ಪತ್ತು ವರ್ಷಗಳ ಮೇಲೆ, 1994ರ ಅಕ್ಟೋಬರ್ 24ರಂದು, ಅಮೆರಿಕದ ಅಂಚೆ ಇಲಾಖೆ ಆಕೆಯ ಚಿತ್ರವಿರುವ ಇಪ್ಪತ್ತು ಸೆಂಟಿನ ಅಂಚೆಚೀಟಿಯನ್ನು ಹೊರತಂದಿತು. ಆ ಸಮಾರಂಭದಲ್ಲಿ ಆಕೆ ಕೈಯಾರೆ ಮಾಡಿದ ನಾಲ್ಕು ವಾದ್ಯಗಳನ್ನು ನುಡಿಸಿದರು. ಟೆಲಿಫೋನ್ ಗೂಡಿನ ಹಲಗೆಯ ವಯೋಲಾ ಅವುಗಳಲ್ಲೊಂದು.